ನಮ್ಮ ಮನೆಗೆ ಬಂದ ಗಾಣ: ನಾಲ್ಕು ಪ್ಯಾಲೆಟ್‌ನ ಟೀ ಶರ್ಟ್ ಮುದ್ರಣ ಯಂತ್ರದೊಂದಿಗೆ ಎಂಟು ತಿಂಗಳು

ಯಂತ್ರ ಬಾಗಿಲಲ್ಲಿ ಹಿಡಿಸಲಿಲ್ಲ. ನಮ್ಮ ಮುಂದಿನ ಕೋಣೆಯ ಬಾಗಿಲು ಮೂರು ಅಡಿಗೂ ಕಡಿಮೆ, ಪಾರ್ಸೆಲ್ ಆಫೀಸಿನಿಂದ ಬಂದ ಮರದ ಪೆಟ್ಟಿಗೆ ಮೂರೂವರೆ ಅಡಿ. ಬೀದಿಯಲ್ಲೇ ಪೆಟ್ಟಿಗೆ ಒಡೆದು, ಕೈಗಳನ್ನೆಲ್ಲ ಬಿಚ್ಚಿ, ನಡುಗಂಬವನ್ನು ಗೋಣಿಚೀಲದ ಮೇಲೆ ಮಲಗಿಸಿ ಒಳಗೆ ಎಳೆದುಕೊಂಡೆವು. ಸಂಜೆ ಎಲ್ಲವನ್ನೂ ಜೋಡಿಸಿ ಒಮ್ಮೆ ತಿರುಗಿಸಿದಾಗ ಅತ್ತೆಯವರು ಅಡುಗೆಮನೆಯಿಂದ ಬಂದು ನೋಡಿ, "ಇದೇನಮ್ಮ, ಎಣ್ಣೆ ಗಾಣ ತಂದಿದ್ದೀರಾ?" ಎಂದು ಕೇಳಿದರು. ಅಂದಿನಿಂದ ಮನೆಯಲ್ಲಿ ಅದಕ್ಕೆ ಗಾಣ ಎಂದೇ ಹೆಸರು.

ನಮ್ಮದು ದಾವಣಗೆರೆ. ನನ್ನವರು ಇಪ್ಪತ್ತು ವರ್ಷ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೂಲಕ ಇಂಕ್ ಒತ್ತುವ ವಿಧಾನದಲ್ಲಿ, ಮದುವೆ ಪತ್ರಿಕೆ ಮಾಡಿದವರು. ಜನ ವಾಟ್ಸ್‌ಆ್ಯಪ್‌ನಲ್ಲೇ ಕರೆಯಲು ಶುರುಮಾಡಿದ ಮೇಲೆ ಪತ್ರಿಕೆಯ ಕೆಲಸ ಇಳಿಯಿತು, ಟೀ ಶರ್ಟಿನ ಕೆಲಸ ನನ್ನ ಕೈಗೆ ಬಂತು. ಆರು ವರ್ಷ ನನ್ನ ಬಳಿ ಇದ್ದುದು ನಾಲ್ಕು ಬಣ್ಣ, ಒಂದೇ ಪ್ಯಾಲೆಟ್‌ನ, ಅಂದರೆ ಶರ್ಟ್ ಹಾಸುವ ಒಂದೇ ಹಲಗೆಯ, ಮೇಜಿನ ಯಂತ್ರ. ಗಣೇಶೋತ್ಸವದ ಸಮಿತಿಗೆ ಐವತ್ತು, ಶಾಲೆಯ ಕ್ರೀಡಾಕೂಟಕ್ಕೆ ಎಂಬತ್ತು ಎಂದು ಮಾಡುವ ತನಕ ಅದಕ್ಕೆ ಕುಂದಿರಲಿಲ್ಲ. ಇನ್ನೂರು ದಾಟಿದರೆ ಮಾತ್ರ ರಾತ್ರಿ ನಿದ್ದೆ ಬಿಡಬೇಕಿತ್ತು. ಕಪ್ಪು ಶರ್ಟಿಗೆ ಮೊದಲು ಬಿಳಿ ಹೊಡೆದು, ಫ್ಲಾಶ್ ಎಂಬ ಹೀಟರಿನ ಕೆಳಗೆ ಹನ್ನೆರಡು ಸೆಕೆಂಡು ಒಣಗಿಸಿ, ಅದರ ಮೇಲೆ ಬಣ್ಣ ಹೊಡೆಯಬೇಕು. ಆ ಹನ್ನೆರಡು ಸೆಕೆಂಡು ಇಂಕ್ ಎಳೆಯುವ ರಬ್ಬರ್ ಪಟ್ಟಿ, ಸ್ಕ್ವೀಜಿ, ಹಿಡಿದು ಗೋಡೆ ನೋಡುತ್ತ ನಿಲ್ಲುವುದು. ಇನ್ನೂರು ಶರ್ಟಿಗೆ ಲೆಕ್ಕ ಹಾಕಿದರೆ ನಲವತ್ತು ನಿಮಿಷ ಬರೀ ಗೋಡೆ.

ಅದಕ್ಕೇ ಹೋದ ಶ್ರಾವಣದಲ್ಲಿ ಈ ನಾಲ್ಕು ಬಣ್ಣ, ನಾಲ್ಕು ಪ್ಯಾಲೆಟ್‌ನ ಯಂತ್ರ ತರಿಸಿದೆ. ಸಾಗಣೆ, ತೆರಿಗೆ ಸೇರಿ ಒಂದು ಲಕ್ಷದ ಹತ್ತಿರ ಆಯಿತು. ತಯಾರಕರ ಹೆಸರು ಬರೆಯುವುದಿಲ್ಲ. ಇದೇ ನಕ್ಷೆಯ ಯಂತ್ರವನ್ನು ನಾಲ್ಕೈದು ಊರುಗಳಲ್ಲಿ ಮಾಡುತ್ತಾರೆ, ನಾನು ಹೇಳುವ ಗುಣವೂ ದೋಷವೂ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಗುತ್ತವೆ.

ಮೊದಲು ಗುಣ. ಒಂದು ಪ್ಯಾಲೆಟ್ ಫ್ಲಾಶ್ ಕೆಳಗೆ ಇರುವಾಗ ಇನ್ನೊಂದರಲ್ಲಿ ಬಿಳಿ ಹೊಡೆಯಬಹುದು, ಮತ್ತೊಂದಕ್ಕೆ ಕೆಲಸದ ಹುಡುಗ ಶರ್ಟ್ ಹಾಕುತ್ತಾನೆ. ಗೋಡೆ ನೋಡುವ ಕೆಲಸ ಮುಗಿಯಿತು. ಇಬ್ಬರು ನಿಂತರೆ ಬಿಳಿಯ ಮೇಲೆ ಒಂದು ಬಣ್ಣದ ಕೆಲಸ ಗಂಟೆಗೆ ಅರವತ್ತು ಶರ್ಟ್ ಆರಾಮವಾಗಿ ಆಗುತ್ತದೆ. ಹಳೆಯದರಲ್ಲಿ ಇಪ್ಪತ್ತೈದು ಆದರೆ ಹೆಚ್ಚು. ಒಂದೇ ಪ್ಯಾಲೆಟ್ ಇದ್ದಾಗ ಅದು ಫ್ಲಾಶ್‌ನ ಬಿಸಿಗೆ ಕಾದೂ ಕಾದೂ, ಕೊನೆಗೆ ಸ್ಕ್ರೀನಿನೊಳಗಿನ ಇಂಕೇ ಗಟ್ಟಿಯಾಗುತ್ತಿತ್ತು. ಈಗ ನಾಲ್ಕು ಇರುವುದರಿಂದ ಸರದಿಯಲ್ಲಿ ಆರುತ್ತವೆ. ಇದನ್ನು ಮಾರುವವರು ಯಾರೂ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ಲಾಭ ಮೈಕ್ರೋ ರಿಜಿಸ್ಟ್ರೇಷನ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವಂತೆ ಸ್ಕ್ರೀನನ್ನು ಕೂದಲೆಳೆಯಷ್ಟು ಸರಿಸುವ ವ್ಯವಸ್ಥೆ. ಹಳೆಯದರಲ್ಲಿ ಫ್ರೇಮ್ ಸಡಿಲಿಸಿ, ಬೆರಳಿನಿಂದ ತಟ್ಟಿ, ದೇವರ ಮೇಲೆ ಭಾರ ಹಾಕಿ ತಿರುಪು ಬಿಗಿಯುತ್ತಿದ್ದೆ. ಬಿಗಿಯುವಾಗಲೇ ಅದು ಕೂದಲೆಳೆ ಸರಿಯುತ್ತಿತ್ತು. ಇದರಲ್ಲಿ ಎಡಬಲಕ್ಕೆ, ಮೇಲೆ ಕೆಳಗೆ, ಓರೆಗೆ ಬೇರೆ ಬೇರೆ ತಿರುಪುಗಳಿವೆ. ಕನ್ನಡ ಅಕ್ಷರ ಹೊಡೆಯುವವರಿಗೆ ಇದರ ಬೆಲೆ ಗೊತ್ತು. 'ಕನ್ನಡ' ಎಂಬ ಪದದ ನಕಾರದ ಒತ್ತು ಎಷ್ಟು ಸಣ್ಣದು! ಕೆಳಗಿನ ಬಿಳಿ ಅರ್ಧ ಮಿಲಿಮೀಟರ್ ಜರುಗಿದರೂ ಒತ್ತಿನ ಪಕ್ಕದಲ್ಲಿ ಹಲ್ಲು ಕಿಸಿದಂತೆ ಕಾಣುತ್ತದೆ. ಸ್ಕ್ರೀನಿಗೆ ಬಿಗಿಯುವ ಜಾಲರಿಯಾದ ಬೋಲ್ಟಿಂಗ್ ಬಟ್ಟೆಯಲ್ಲಿ ಬಿಳಿಗೆ ಸೆಂಟಿಮೀಟರಿಗೆ 43 ಎಳೆಯದ್ದು, ಅಕ್ಷರಕ್ಕೆ 77 ಎಳೆಯದ್ದು ಹಾಕಿ, ಬಿಳಿಯನ್ನು ಸುತ್ತಲೂ ಸ್ವಲ್ಪ ಕಿರಿದು ಮಾಡಿದರೆ ಈ ಯಂತ್ರದಲ್ಲಿ ಒತ್ತಕ್ಷರ ಮುಚ್ಚಿಹೋಗದೆ ನಿಲ್ಲುತ್ತದೆ.

ಇನ್ನು ದೋಷ. ಮೊದಲ ದೊಡ್ಡ ಕೆಲಸ ಒಂದು ಕಾಲೇಜಿನದು, 180 ಕಪ್ಪು ಶರ್ಟ್. ಅಕ್ಷರದ ಎಡಗಡೆ ಬಿಳಿ ಇಣುಕಿದ ಶರ್ಟುಗಳು ನಡುನಡುವೆ ಬರತೊಡಗಿದವು. ತಿರುಪು ತಿರುಗಿಸಿದೆ. ಆಗ ಬೇರೆ ಶರ್ಟುಗಳು ಕೆಟ್ಟವು. ನನ್ನ ಕೈಯದೇ ತಪ್ಪು ಎಂದುಕೊಂಡು ಅರ್ಧ ದಿನ ನನ್ನನ್ನೇ ಬೈದುಕೊಂಡೆ, ಉಳಿದರ್ಧ ದಿನ ಹುಡುಗನನ್ನು ಬೈದೆ. ಕೊನೆಗೆ ನನ್ನವರು ಸೀಮೆಸುಣ್ಣದಿಂದ ಪ್ಯಾಲೆಟ್‌ಗಳಿಗೆ ಒಂದರಿಂದ ನಾಲ್ಕು ಎಂದು ಬರೆದು, ಶರ್ಟಿನ ಒಳಗೂ ಅದೇ ಸಂಖ್ಯೆ ಗುರುತು ಹಾಕಲು ಹೇಳಿದರು. ಕೆಟ್ಟವೆಲ್ಲ ಮೂರನೆಯವು. ಅಷ್ಟರಲ್ಲಿ 38 ಶರ್ಟ್ ಹಾಳಾಗಿದ್ದವು, ಅವುಗಳಲ್ಲಿ ಕೆಲವು ಇಂದಿಗೂ ನಮ್ಮ ಮನೆಯಲ್ಲಿ ಇಂಕ್ ಒರೆಸುತ್ತಿವೆ.

ಒಂದೇ ಪ್ಯಾಲೆಟ್ ಇರುವಾಗ ಅದು ಓರೆ ಇದ್ದರೂ ಎಲ್ಲ ಬಣ್ಣಗಳೂ ಅದೇ ಓರೆಗೆ ಹೊಂದಿಕೊಳ್ಳುತ್ತವೆ. ನಾಲ್ಕಿದ್ದರೆ ನಾಲ್ಕೂ ಒಂದೇ ತಾಯಿಯ ಮಕ್ಕಳ ಹಾಗೆ ಇರಬೇಕು. ನಮ್ಮ ಮೂರನೆಯದರ ಕೈಯಲ್ಲಿ ಬುಷ್, ಅಂದರೆ ಒಳಗೆ ಕೂರುವ ಲೋಹದ ಬಳೆ, ಸಡಿಲ, ಜೊತೆಗೆ ಅದರ ತುದಿ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಜೋತಿತ್ತು. ಸ್ಕ್ರೀನಿಗೂ ಬಟ್ಟೆಗೂ ನಡುವೆ ಬಿಡುವ ಅಂತರವೇ ಎರಡು ಮೂರು ಮಿಲಿಮೀಟರ್ ಇರುವಾಗ ಒಂದು ನಾಣ್ಯ ಎಂದರೆ ಸಣ್ಣ ಮಾತಲ್ಲ. ತಯಾರಕರಿಗೆ ಫೋನ್ ಮಾಡಿದೆ. "ವಿಡಿಯೊ ಕಳುಹಿಸಿ ಮೇಡಂ" ಎಂದರು. ಕಳುಹಿಸಿದೆ. ಹತ್ತೊಂಬತ್ತು ದಿನದ ಮೇಲೆ ಕೊರಿಯರ್‌ನಲ್ಲಿ ಒಂದು ಬುಷ್ ಬಂತು, ಅದೂ ಅಷ್ಟೇ ಸಡಿಲ. ನಾವು ಅಲ್ಲಿಯವರೆಗೆ ಕಾಯಲಿಲ್ಲ. ನಮ್ಮ ಬೀದಿಯ ಹಿಂದಿನ ಲೇತ್ ಅಂಗಡಿಯಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತ್ ಇನ್ನೂ ತಿರುಗುತ್ತಿದೆ. ಅಲ್ಲಿಯ ಯಜಮಾನರು ಗನ್‌ಮೆಟಲ್ ಬುಷ್ ಕಡೆದುಕೊಟ್ಟು 350 ರೂಪಾಯಿ ತೆಗೆದುಕೊಂಡರು. ಕಾರ್ಖಾನೆ ಮುಚ್ಚಿದರೂ ಅದರ ಲೇತ್ ಕೈಬಿಟ್ಟಿಲ್ಲ. ಆಮೇಲೆ ಮೂರನೆಯ ಪ್ಯಾಲೆಟ್ ತಕರಾರು ಮಾಡಿಲ್ಲ.

ಕರೆಂಟಿನ ವಿಷಯವನ್ನೂ ಮೊದಲೇ ಯೋಚಿಸಬೇಕು. ಯಂತ್ರ ಕೈಯದೇ, ಅದಕ್ಕೆ ವಿದ್ಯುತ್ ಬೇಡ. ಆದರೆ ದೊಡ್ಡ ಫ್ಲಾಶ್ ಮೂರು ಕಿಲೋವ್ಯಾಟ್, ಅಂದರೆ ಹದಿಮೂರು ಆಂಪಿಯರ್ ಒಂದಕ್ಕೇ. ಅದರ ಜೊತೆ ಹೀಟ್ ಪ್ರೆಸ್, ಅಂದರೆ ಶರ್ಟನ್ನು ಬಿಸಿ ತಟ್ಟೆಯಿಂದ ಒತ್ತುವ ಯಂತ್ರ, ಹಾಕಿದೊಡನೆ ಮನೆಯೆಲ್ಲ ಕತ್ತಲು. ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಂಡು, ಎರಡಕ್ಕೂ ಬೇರೆ ಬೇರೆ ತಂತಿ ಎಳೆಸಿದ ಮೇಲೆ ಸರಿಹೋಯಿತು. ಆ ಖರ್ಚು ಯಂತ್ರದ ಬೆಲೆಪಟ್ಟಿಯಲ್ಲಿ ಇರುವುದಿಲ್ಲ.

ನಿಜವಾದ ಪರೀಕ್ಷೆ ಆದದ್ದು ಅಕ್ಟೋಬರ್ ಕೊನೆಯ ವಾರ. ಆಟೋ ಚಾಲಕರ ಸಂಘವೊಂದು ರಾಜ್ಯೋತ್ಸವಕ್ಕೆ 450 ಹಳದಿ ಶರ್ಟ್ ಕೇಳಿತು. ಮುಂದೆ ಕೆಂಪಿನಲ್ಲಿ ರಾಜ್ಯದ ನಕ್ಷೆ, ಕಪ್ಪಿನಲ್ಲಿ ಅಕ್ಷರ, ಹಿಂದೆ ಕೆಂಪಿನಲ್ಲಿ ನಿಲ್ದಾಣದ ಹೆಸರು. ಹಳದಿಗೆ ಬಿಳಿ ತಳ ಬೇಕಾಗಲಿಲ್ಲ. ಗಾಣ ಓಡಿತು, ಒಂದೇ ದಿನದಲ್ಲಿ ಎರಡು ಬದಿಯ ಹೊಡೆತವೂ ಮುಗಿಯಿತು. ಆಗ ಕಂಡದ್ದು ಹೀಟ್ ಪ್ರೆಸ್ ಎದುರಿನ ರಾಶಿ. ನಾವು ಬಳಸುವ ಪ್ಲಾಸ್ಟಿಕ್ ಬಗೆಯ ಪ್ಲಾಸ್ಟಿಸಾಲ್ ಇಂಕ್ ಗಾಳಿಗೆ ಒಣಗುವುದಿಲ್ಲ, ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಪಕ್ವವಾಗುತ್ತದೆ. ಫ್ಲಾಶ್ ಕೊಟ್ಟದ್ದು ಮುಟ್ಟಲು ಒಣಗಿದಂತಿದ್ದರೂ ಅರ್ಧ ಬೆಂದದ್ದು. ಪ್ರೆಸ್‌ನಲ್ಲಿ ಗಂಟೆಗೆ ನೂರು ಒತ್ತಬಹುದು. ಎರಡು ಬದಿಗೂ ಸೇರಿ 900 ಒತ್ತು. ಮಂಚ, ಸೋಫಾ, ಮಹಡಿಯ ಮೆಟ್ಟಿಲು ಎಲ್ಲ ಹಳದಿ. ಬೆಂದದ್ದೂ ಬೇಯದ್ದೂ ಕಣ್ಣಿಗೆ ಒಂದೇ ತರಹ. ರಾತ್ರಿ ಹನ್ನೊಂದಕ್ಕೆ ಅತ್ತೆಯವರು ಮಲಗಲು ಜಾಗ ಮಾಡಿಕೊಳ್ಳಲು ಎರಡು ರಾಶಿಗಳನ್ನು ಒಂದು ಮಾಡಿದರು. ಅವರನ್ನು ಏನೆನ್ನುವುದು? ಅರವತ್ತು ಶರ್ಟನ್ನು ಮತ್ತೊಮ್ಮೆ ಒತ್ತಿದೆವು. ಈಗ ಹಳೆಯ ಪ್ರೆಸ್ ಇನ್ನೊಂದು ಕೊಂಡಿದ್ದೇನೆ, ಬೆಂದವುಗಳಿಗೆ ನೀಲಿ ಬುಟ್ಟಿ.

ನಿಮಗೆ ಬರುವುದು ಇಪ್ಪತ್ತು ಮೂವತ್ತರ ಬಹುಬಣ್ಣದ ಕೆಲಸವಾದರೆ ಇದು ಬೇಡ. ಅಂಥದ್ದನ್ನು ನಾನೂ ಡಿಟಿಎಫ್‌ಗೆ, ಅಂದರೆ ಫಿಲ್ಮ್ ಮೇಲೆ ಮುದ್ರಿಸಿ ಬಿಸಿಯಿಂದ ಶರ್ಟಿಗೆ ಅಂಟಿಸುವವರಿಗೆ, ಕೊಡುತ್ತೇನೆ. ನೂರೈವತ್ತಕ್ಕಿಂತ ಹೆಚ್ಚಿನ ಕೆಲಸ ತಿಂಗಳಿಗೆ ಎರಡಾದರೂ ಇದ್ದರೆ ತೆಗೆದುಕೊಳ್ಳಿ. ಆರು ಪ್ಯಾಲೆಟ್‌ನದಕ್ಕೆ ಆಸೆಪಡಬೇಡಿ, ಇಬ್ಬರು ನಿಲ್ಲುವ ಕಡೆ ಉಳಿದೆರಡು ಸುಮ್ಮನೆ ಸುತ್ತುತ್ತವೆ. ನಾಲ್ಕರದು ತಿರುಗಲಿಕ್ಕೇ ಎಂಟು ಅಡಿ ಅಗಲದ ಖಾಲಿ ನೆಲ ಬೇಕು. ಹಣ ಕಟ್ಟುವ ಮೊದಲು ಎರಡು ಬಣ್ಣದ ಒಂದು ಸಣ್ಣ ಅಕ್ಷರವನ್ನು ನಾಲ್ಕು ಪ್ಯಾಲೆಟ್‌ಗಳಲ್ಲೂ ಹೊಡೆಸಿ, ನಾಲ್ಕು ಬಟ್ಟೆಗಳನ್ನೂ ಕೈಗೆ ತೆಗೆದುಕೊಂಡು ನೋಡಿ. ಬಾಗಿಲನ್ನೂ ಅಳೆಯಿರಿ.

ಹಳೆಯ ಯಂತ್ರ ಮಾರಲಿಲ್ಲ. ಅಂಗೈಯಗಲದ ಪ್ಯಾಲೆಟ್ ಹಾಕಿ, ಶರ್ಟಿನ ಕೊರಳಿನ ಒಳಗೆ ಅಳತೆಯ ಗುರುತು ಹೊಡೆಯಲು ಇಟ್ಟುಕೊಂಡಿದ್ದೇನೆ. ಅದರ ಮುಂದೆ ಈಗ ಕುರ್ಚಿ ಹಾಕಿಕೊಂಡು ಕೂರುವವರು ಅತ್ತೆಯವರು.