ಮಾಧ್ಯಮ–ಸಂಸ್ಕೃತಿ ಸಂಶೋಧಕರಿಗೆ ಶೋಧಗಂಗಾ: ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ದುಡ್ಡು, ಲಾಗಿನ್ ಯಾವುದೂ ಕೇಳದೆ ಪೂರ್ತಿಯಾಗಿ ಓದಲು ಕೊಡುವ ತಾಣ ಶೋಧಗಂಗಾ. ನಡೆಸುತ್ತಿರುವುದು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ. ಪ್ರಬಂಧದ ಸಾಫ್ಟ್ ಪ್ರತಿ ಸಲ್ಲಿಸಬೇಕೆಂದು 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನಿಯಮ ಮಾಡಿದ ಮೇಲೆ ಇದು ಬೆಳೆಯುತ್ತಲೇ ಬಂದಿದೆ. ಸಂಗ್ರಹದ ಬಗ್ಗೆ ತಕರಾರಿಲ್ಲ. ತಕರಾರೆಲ್ಲ ಹುಡುಕಾಟದ್ದು, ಅದರಲ್ಲೂ ಒಂದೇ ಶಾಸ್ತ್ರದ ಗಡಿಯೊಳಗೆ ನಿಲ್ಲದ ವಿಷಯ ಹಿಡಿದವರದ್ದು.

ತಾಣದ ಜೋಡಣೆ ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ, ಅದರೊಳಗೆ ಪ್ರಬಂಧ ಎಂಬ ಕ್ರಮದ್ದು. ರಸಾಯನಶಾಸ್ತ್ರದವರಿಗೆ ಇಷ್ಟು ಸಾಕು. ಧಾರಾವಾಹಿ ನೋಡುವ ಹೆಂಗಸರ ಬಗ್ಗೆ ಓದಬೇಕಾದವರು ಪತ್ರಿಕೋದ್ಯಮ ವಿಭಾಗವನ್ನಷ್ಟೇ ಜಾಲಾಡಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಅಂಥ ಕೆಲಸ ಸಮಾಜಶಾಸ್ತ್ರ, ಮಹಿಳಾ ಅಧ್ಯಯನ, ಕನ್ನಡ, ಇಂಗ್ಲಿಷ್, ರಾಜ್ಯಶಾಸ್ತ್ರ ಎಲ್ಲಿ ಬೇಕಾದರೂ ಇರಬಹುದು. ಕೀವರ್ಡ್ ನೆಚ್ಚಿಕೊಳ್ಳೋಣವೆಂದರೆ ಅಲ್ಲಿ ಎಷ್ಟೋ ಕಡೆ ‘ಸೋಷಿಯಲ್ ಸೈನ್ಸಸ್’, ‘ಕಮ್ಯುನಿಕೇಶನ್’ ಎಂಬಂಥ ಅಗಲವಾದ ವಿಷಯದ ಹೆಸರುಗಳು ಮಾತ್ರ. ಹಾಗಾಗಿ ವಿಭಾಗವನ್ನು ಬದಿಗಿಟ್ಟು, ಶೀರ್ಷಿಕೆಯ ಪದಗಳಿಂದ ಹುಡುಕಿ. ಒಂದು ಒಳ್ಳೆಯ ಪ್ರಬಂಧ ಸಿಕ್ಕಿತೆನ್ನಿ, ಅದರ ಮಾರ್ಗದರ್ಶಕರ ಹೆಸರು ಒತ್ತಿ. ಒಬ್ಬರೇ ಮಾರ್ಗದರ್ಶಕರ ಕೈಕೆಳಗೆ ಹತ್ತಿರದ ವಿಷಯಗಳ ಮೇಲೆ ಕೆಲಸ ಮಾಡಿದವರು ಸಾಲಾಗಿ ಸಿಗುವುದುಂಟು. ಇಡೀ ತಾಣದಲ್ಲಿ ಅತಿ ಹೆಚ್ಚು ಫಲ ಕೊಡುವ ಒಂದೇ ಕ್ಲಿಕ್ ಇದು.

ಸಂಕ್ಷಿಪ್ತ ರೂಪಗಳಿಂದ ದೂರವಿರಿ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತಲುಪಿಸಿದ ‘ಸೈಟ್’ ಪ್ರಯೋಗವನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಅದು ನಡೆದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ. ಹುಡುಕು ಪೆಟ್ಟಿಗೆಯಲ್ಲಿ ಬರೀ ‘ಸೈಟ್’ ಎಂದು ಹಾಕಿದರೆ ವೆಬ್‌ಸೈಟ್, ಉತ್ಖನನದ ಸೈಟ್, ಪ್ರೋಟೀನಿನ ಬೈಂಡಿಂಗ್ ಸೈಟ್ ಎಲ್ಲವೂ ಮೈಮೇಲೆ ಬೀಳುತ್ತವೆ. ‘ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್’ ಎಂದು ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟು ನೋಡಿ, ಪಟ್ಟಿ ಇಳಿಯುತ್ತದೆ.

ಕನ್ನಡದಲ್ಲೇ ಬರೆದ ಪ್ರಬಂಧಗಳದ್ದು ಬೇರೆಯೇ ರಗಳೆ. ಎಷ್ಟೋ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿವೆ, ಕಾಗುಣಿತ ಅವರವರ ಇಷ್ಟ. ‘ಪತ್ರಿಕೆ’ಯ ತಕಾರಕ್ಕೆ ಒಬ್ಬರು ‘ಟಿ’ ಒಂದೇ ಬರೆದರೆ ಇನ್ನೊಬ್ಬರು ‘ಟಿ’ ಜೊತೆ ‘ಎಚ್’ ಸೇರಿಸುತ್ತಾರೆ. ಕೊನೆಯಲ್ಲಿ ಇಂಗ್ಲಿಷಿನ ‘ಇ’ (e) ಬರಬಹುದು, ‘ಎ’ (a) ಬರಬಹುದು. ನಾಲ್ಕೂ ರೂಪಗಳನ್ನು ಕೊಟ್ಟು, ಕನ್ನಡ ಲಿಪಿಯಲ್ಲೂ ಒಮ್ಮೆ ಹುಡುಕದೆ ‘ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ’ ಎಂದು ಸಾರಾಂಶದಲ್ಲಿ ಬರೆಯಬೇಡಿ.

ಫೈಲು ತೆರೆದ ಮೇಲೂ ತೊಡಕು ತಪ್ಪದು. ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಾದ ಪಿಡಿಎಫ್ ಕಣ್ಣಿಗೆ ಸ್ವಚ್ಛ ಕನ್ನಡ. ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಒಳಗೆ ಪದ ಹುಡುಕಿದರೂ ಸಿಗುವುದಿಲ್ಲ. ಆ ತಂತ್ರಾಂಶಗಳಲ್ಲೇ ಇರುವ ಯೂನಿಕೋಡ್ ಪರಿವರ್ತಕಕ್ಕೆ ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಹಳೆಯ ಪ್ರಬಂಧಗಳು ಬರೀ ಸ್ಕ್ಯಾನ್ ಚಿತ್ರಗಳು. ಅವನ್ನು ಹತ್ತು ಪುಟಗಳಂತೆ ತುಂಡು ಮಾಡಿ ಗೂಗಲ್ ಡ್ರೈವ್‌ಗೆ ಏರಿಸಿ, ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಬರುತ್ತದೆ. ದೊಡ್ಡ ಫೈಲನ್ನು ಹಾಗೇ ಕೊಟ್ಟರೆ ಅರ್ಧಕ್ಕೇ ನಿಲ್ಲಬಹುದು. ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು. ಕೋಷ್ಟಕಗಳಂತೂ ಚೆಲ್ಲಾಪಿಲ್ಲಿ, ಅವನ್ನು ಕೈಯಲ್ಲೇ ಟೈಪು ಮಾಡುವುದು ಲೇಸು.

ಪ್ರಬಂಧ ಒಂದೇ ಫೈಲಾಗಿರದೆ ಅಧ್ಯಾಯವಾರು ತುಂಡಾಗಿರುತ್ತದೆ. ಇಳಿಸಿಕೊಳ್ಳುವಾಗ ಬೇಸರ ತರಿಸಿದರೂ ಇದರಲ್ಲಿ ಒಂದು ಅನುಕೂಲವಿದೆ. ಹೆಸರಿನಲ್ಲಿ 80 ಎಂಬ ಸಂಖ್ಯೆಯೂ ‘ರೆಕಮೆಂಡೇಶನ್’ ಎಂಬ ಪದವೂ ಇರುವ ಫೈಲಿದ್ದರೆ ಮೊದಲು ಅದನ್ನೇ ತೆರೆಯಿರಿ: ಸಾಮಾನ್ಯವಾಗಿ ಶೀರ್ಷಿಕೆ ಪುಟ ಮತ್ತು ಕೊನೆಯ ಅಧ್ಯಾಯ ಒಟ್ಟಿಗೆ ಇರುತ್ತವೆ. ಆಮೇಲೆ ವಿಧಾನದ ಅಧ್ಯಾಯ, ಅನುಬಂಧ. ಮೊದಲ ಅಧ್ಯಾಯ ಬಿಟ್ಟರೂ ನಷ್ಟವಿಲ್ಲ. ವಿಷಯ ಏನೇ ಇರಲಿ, ಕನ್ನಡ ಪತ್ರಿಕೋದ್ಯಮದ ಪ್ರಬಂಧ 1843ರ ಮಂಗಳೂರು ಸಮಾಚಾರದಿಂದ ಹೊರಟು ಹತ್ತಾರು ಪುಟ ನಡೆದ ಮೇಲೆಯೇ ತನ್ನ ಮಾತಿಗೆ ಬರುವುದು ವಾಡಿಕೆ.

ನಿಜವಾದ ಬೆಳೆ ಇರುವುದು ಅನುಬಂಧದಲ್ಲಿ. ಪ್ರಶ್ನಾವಳಿ, ಸಂದರ್ಶಿತರ ಪಟ್ಟಿ, ಸುದ್ದಿಯ ಅಳತೆಯನ್ನು ಕಾಲಂ ಸೆಂಟಿಮೀಟರಿನಲ್ಲಿ ಕೊಟ್ಟ ಕೋಷ್ಟಕ, ಪುಸ್ತಕವಾಗಿ ಅಚ್ಚಾಗುವಾಗ ಇವೇ ಮೊದಲು ಉದುರುತ್ತವೆ. ಪ್ರಶ್ನಾವಳಿ ಬಳಸುವ ಮುನ್ನ ಮಾದರಿಯ ಗಾತ್ರ, ಆಯ್ಕೆಯ ಬಗೆ ನೋಡಿ. ಒಂದು ಕಾಲೇಜಿನ ವಿದ್ಯಾರ್ಥಿಗಳನ್ನಷ್ಟೇ ಕೇಳಿ ‘ಯುವಜನರ ಮಾಧ್ಯಮ ಬಳಕೆ’ ಎಂದು ಹೆಸರಿಟ್ಟಿದ್ದರೆ ಶೇಕಡಾವಾರು ಅಂಕಿಗಳನ್ನು ಎತ್ತಿಕೊಳ್ಳಬೇಡಿ, ಪ್ರಶ್ನೆಗಳನ್ನು ಮಾತ್ರ ಎತ್ತಿಕೊಳ್ಳಿ.

ಶೋಧಗಂಗಾದಲ್ಲಿ ಸಿಗುವುದು ಸಿನಿಮಾದ ಮೇಲಿನ ಬರಹ, ಸಿನಿಮಾ ಅಲ್ಲ. ಚಿತ್ರವನ್ನೇ ಶಾಟ್ ಶಾಟಾಗಿ ನೋಡಿ ಟಿಪ್ಪಣಿ ಹಾಕಬೇಕಾದವರಿಗೆ 2013ರಲ್ಲಿ ಶುರುವಾದ ಇಂಡಿಯನ್‌ಸಿನಿಮಾ (indiancine.ma) ಆನ್‌ಲೈನ್ ಆರ್ಕೈವ್ ಇದೆ.

ಉಲ್ಲೇಖ ಮಾಡುವಾಗ ಪಿಡಿಎಫ್‌ನ ಉದ್ದ ವಿಳಾಸ ಬೇಡ. 10603ರಿಂದ ಶುರುವಾಗುವ ಹ್ಯಾಂಡಲ್ ಸಂಖ್ಯೆ ಕೊಡಿ, ಶಾಶ್ವತ ಕೊಂಡಿ ಅದೇ. ವರ್ಷವನ್ನು ತಾಣದಲ್ಲಿ ಪ್ರಬಂಧದ ವಿವರ ಕೊಡುವ ದಾಖಲೆ ಪುಟದಿಂದ ಎತ್ತದೆ ಶೀರ್ಷಿಕೆ ಪುಟದ ಫೈಲಿನಿಂದಲೇ ತೆಗೆದುಕೊಳ್ಳಿ. ದಾಖಲೆಯಲ್ಲಿ ಕೆಲವೆಡೆ ಪೂರ್ಣ ದಿನಾಂಕ, ಕೆಲವೆಡೆ ಬರೀ ಇಸವಿ. ಹಳೆಯ ಪ್ರಬಂಧ ಎಷ್ಟೋ ವರ್ಷದ ಮೇಲೆ ಏರಿಸಿದ್ದಾದರೆ ತಾಣಕ್ಕೆ ಬಂದ ದಿನವನ್ನೇ ಪದವಿಯ ವರ್ಷವೆಂದು ಬರೆದುಕೊಳ್ಳುವ ಅಪಾಯವಿದೆ.