ಈ ಅಕ್ಷರಗಳಿರುವ ಇಂಗ್ಲಿಷ್ ಪದ ಯಾವುದು? ನಾಲ್ಕು ದಾರಿ ನೋಡಿದೆ

ಕೈಯಲ್ಲಿ ಕೆಲವು ಅಕ್ಷರಗಳಿವೆ, ಅವು ಇರುವ ಇಂಗ್ಲಿಷ್ ಪದ ಬೇಕು. ಪದಬಂಧ ಬಿಡಿಸುವವರಿಗೆ, ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರಿಗೆ ಇದು ದಿನದ ಕೆಲಸ. ನಾನು ಇದಕ್ಕೆ ನಾಲ್ಕು ದಾರಿ ಹಿಡಿದು ನೋಡಿದೆ: ಕಾಗದ-ಪೆನ್ಸಿಲ್, ಅಕ್ಷರ ಹಾಕಿದರೆ ಪದ ಕೊಡುವ ಒಂದು ವೆಬ್‌ಸೈಟ್, ನಿಘಂಟುಗಳಲ್ಲಿ ಪದ ಹುಡುಕಿಕೊಡುವ ವನ್‌ಲುಕ್ ಎಂಬ ಇನ್ನೊಂದು ತಾಣ, ಕೊನೆಗೆ ನನ್ನದೇ ಕಂಪ್ಯೂಟರಿನಲ್ಲಿರುವ ಪದಪಟ್ಟಿ.

ನಾಲ್ಕಕ್ಕೂ ಕೊಟ್ಟ ಪ್ರಶ್ನೆ ಮೂರೇ. ಮೊದಲನೆಯದು, ಡಬ್ಲ್ಯೂ-ಕೆ-ಡಬ್ಲ್ಯೂ ಅಕ್ಕಪಕ್ಕ, ಇದೇ ಕ್ರಮದಲ್ಲಿ ಇರಬೇಕು. ಎರಡನೆಯದು, ಎ, ಇ, ಐ, ಓ, ಯು ಐದೂ ಇರಬೇಕು, ಎಲ್ಲಿದ್ದರೂ ಸರಿ. ಮೂರನೆಯದು, ಎಲ್-ಐ-ಎಸ್-ಟಿ-ಇ-ಎನ್, ಈ ಆರೇ ಅಕ್ಷರ, ಒಂದೂ ಜಾಸ್ತಿ ಇರಬಾರದು. ನೋಡಲು ಒಂದೇ ಥರ ಅನಿಸುತ್ತವೆ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳು, ಮತ್ತು ಈ ದಾರಿಗಳ ನಡುವಿನ ವ್ಯತ್ಯಾಸವೆಲ್ಲ ಇಲ್ಲೇ ಇದೆ.

ಕಾಗದದಿಂದ ಶುರು ಮಾಡಿದೆ. ಆರು ಅಕ್ಷರಗಳನ್ನು ಸಾಲಾಗಿ ಬರೆದರೆ ಕಣ್ಣು ಲಿಸನ್ ಎಂಬ ಪದದಲ್ಲೇ ಅಂಟಿಕೊಂಡಿತು. ವೃತ್ತದಲ್ಲಿ ಬರೆದಾಗ ಬಿಡುಗಡೆ. ಸೈಲೆಂಟ್ ಬಂತು, ಆಮೇಲೆ ಎನ್‌ಲಿಸ್ಟ್. ಟಿನ್ಸೆಲ್ ಸಿಗಲು ಕಾಲು ಗಂಟೆ ಬೇಕಾಯಿತು. ಇದರಲ್ಲಿ ನಮಗೊಂದು ತೊಡಕಿದೆ. ಕನ್ನಡದಲ್ಲಿ ಉಚ್ಚರಿಸಿದಂತೆ ಬರೆದು ಅಭ್ಯಾಸ, ಹಾಗಾಗಿ ಕಿವಿಯಿಂದಲೇ ಹುಡುಕುತ್ತೇವೆ. ಲಿಸನ್ ಅನ್ನುವಾಗ ಟಿ ಕೇಳಿಸುವುದೇ ಇಲ್ಲ ಅಲ್ವಾ? ಸೈಲೆಂಟ್ ಅನ್ನುವಾಗ ಅದೇ ಟಿ ಗಟ್ಟಿಯಾಗಿ ಕೇಳುತ್ತದೆ. ಬಾಯಿ ಮುಚ್ಚಿ ಬರೀ ಅಕ್ಷರ ನೋಡಿದರೆ ಕೆಲಸ ಬೇಗ ಆಗುತ್ತದೆ. ಐದು ಸ್ವರಗಳ ಪ್ರಶ್ನೆಗೆ ಎಜುಕೇಶನ್, ಈಕ್ವೇಶನ್, ಡೈಲಾಗ್, ಆಟೋಮೊಬೈಲ್ ಕೈಯಲ್ಲೇ ಸಿಕ್ಕವು. ಡೈಲಾಗ್ ಸಿಕ್ಕಾಗ ನಿಜಕ್ಕೂ ಖುಷಿಯಾಯಿತು. ಬಾಯಲ್ಲಿ ಅಷ್ಟು ಚಿಕ್ಕ ಪದ, ಬರವಣಿಗೆಯಲ್ಲಿ ಐದೂ ಸ್ವರ! ಆದರೆ ಅದನ್ನು ಕೊನೆಯಲ್ಲಿ ಯು-ಇ ಸೇರಿಸಿ ಬ್ರಿಟಿಷರಂತೆ ಬರೆದರೆ ಮಾತ್ರ. ಬಿಹೇವಿಯರ್ ಕೂಡ ಹಾಗೇ, ಅಮೆರಿಕದವರ ಬರಹದಲ್ಲಿ ಅದಕ್ಕೆ ಯು ಇಲ್ಲ. ಡಬ್ಲ್ಯೂ-ಕೆ-ಡಬ್ಲ್ಯೂ ಪ್ರಶ್ನೆಗೆ ಕಾಗದ ಏನೂ ಕೊಡಲಿಲ್ಲ.

ವೆಬ್‌ಸೈಟಿನ ಬಗ್ಗೆ ಹೇಳುವುದು ಕಡಿಮೆ. ಮೂರನೇ ಪ್ರಶ್ನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು. ನಾನು ಕಾಣದೇ ಹೋಗಿದ್ದ ಇನ್ಲೆಟ್ಸ್ ಕೂಡ ಅದರಲ್ಲಿತ್ತು. ಉಳಿದ ಎರಡಕ್ಕೆ ಕೈ ಎತ್ತಿತು. ಇದ್ದ ಅಕ್ಷರಗಳನ್ನು ಕಲಸಿ ಕೊಡುವುದಷ್ಟೇ ಅದಕ್ಕೆ ಗೊತ್ತು.

ನನಗೆ ಹೆಚ್ಚು ಇಷ್ಟವಾದದ್ದು ವನ್‌ಲುಕ್. ಇಲ್ಲಿ ನಕ್ಷತ್ರ ಚಿಹ್ನೆ ಅಂದರೆ ಎಷ್ಟು ಅಕ್ಷರವಾದರೂ ಆಗಬಹುದು, ಪ್ರಶ್ನೆಚಿಹ್ನೆ ಅಂದರೆ ಸರಿಯಾಗಿ ಒಂದು ಅಕ್ಷರ. ಡಬ್ಲ್ಯೂ-ಕೆ-ಡಬ್ಲ್ಯೂ ಎರಡೂ ಕಡೆ ನಕ್ಷತ್ರ ಇಟ್ಟೆ. ಆಕ್‌ವರ್ಡ್ ಬಂತು! ದಿನವೂ ಓದುವ ಪದ, ಅದರ ಹೊಟ್ಟೆಯಲ್ಲಿ ಈ ಮೂರು ಅಕ್ಷರ ಕೂತಿವೆ ಅಂತ ಗಮನಿಸಿಯೇ ಇರಲಿಲ್ಲ. ಜೊತೆಗೆ ಹಾಕ್‌ವೀಡ್ ಎಂಬ ಗಿಡದ ಹೆಸರು. ಐದು ಸ್ವರಗಳಿಗೆ ಒಂದೊಂದು ಅಕ್ಷರವನ್ನೂ ನಕ್ಷತ್ರಗಳ ನಡುವೆ ಬರೆದು, ಮಧ್ಯೆ ಅಲ್ಪವಿರಾಮ ಹಾಕಬೇಕು. ಆಗ ಎಲ್ಲ ಷರತ್ತುಗಳೂ ಒಟ್ಟಿಗೆ ಅನ್ವಯಿಸುತ್ತವೆ. ಕಲಸಿದ ಅಕ್ಷರ ಬಿಡಿಸಲು ಮುಂದೆ ಎರಡು ಓರೆಗೆರೆ ಹಾಕಿದರೆ ಸಾಕು. ಆ ಅಕ್ಷರಗಳ ಪಕ್ಕ ಪ್ರಶ್ನೆಚಿಹ್ನೆ ಸೇರಿಸಿದರೆ ಗೊತ್ತಿಲ್ಲದ ಅಕ್ಷರಗಳಿಗೂ ಜಾಗ ಆಗುತ್ತದೆ. ಈ ಚಿಹ್ನೆಗಳನ್ನು ಕಲಿಯಲು ನನಗೆ ಒಂದು ಸಂಜೆ ಹಿಡಿಯಿತು. ಅದು ದೊಡ್ಡ ಬೆಲೆಯೇನಲ್ಲ.

ಕೊನೆಯದು ಸ್ವಂತ ಪದಪಟ್ಟಿ. ಮ್ಯಾಕ್‌ನಲ್ಲಿ ಬರುವ ಪಟ್ಟಿಯ ಮೂಲ 1934ರ ವೆಬ್‌ಸ್ಟರ್ ನಿಘಂಟು, ಸುಮಾರು 2 ಲಕ್ಷ 35 ಸಾವಿರ ಪದಗಳಿವೆ. ಇದರಲ್ಲಿ ಹುಡುಕಲು ಗ್ರೆಪ್ ಬಳಸಿದೆ. ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಗಾಗಿ ಬರೆದ ಈ ಪುಟ್ಟ ಪ್ರೋಗ್ರಾಂ 1973ರಿಂದ ಇದೆ, ಮತ್ತು ಅಕ್ಕಪಕ್ಕದ ಅಕ್ಷರ ಹುಡುಕುವುದರಲ್ಲಿ ಇವತ್ತಿಗೂ ಇದರಷ್ಟು ಚುರುಕಾದದ್ದನ್ನು ನಾನು ಕಂಡಿಲ್ಲ. ಎರಡನೇ ಪ್ರಶ್ನೆಯಲ್ಲಿ ಮಾತ್ರ ಎಡವಿದೆ. ಐದು ಸ್ವರಗಳನ್ನು ಚೌಕ ಆವರಣದೊಳಗೆ ಬರೆದೆ, ಹೆಚ್ಚುಕಮ್ಮಿ ಇಡೀ ನಿಘಂಟೇ ತೆರೆಯ ಮೇಲೆ ಸುರಿಯಿತು. ಚೌಕ ಆವರಣ ಅಂದರೆ ಇವುಗಳಲ್ಲಿ ಯಾವುದಾದರೂ ಒಂದು ಅಂತ, ಎಲ್ಲವೂ ಅಂತ ಅಲ್ಲ. ಎ ಇರುವ ಪದಗಳನ್ನು ಮೊದಲು ಸೋಸಿ, ಅದರಲ್ಲಿ ಇ, ಅದರಲ್ಲಿ ಐ, ಹೀಗೆ ಐದು ಜರಡಿ ಹಿಡಿಯಬೇಕು. ಹಾಗೆ ಮಾಡಿದಾಗ ಸೆಕ್ವೋಯಾ ಎಂಬ ಮರದ ಹೆಸರು ಸಿಕ್ಕಿತು. ಏಳೇ ಅಕ್ಷರದಲ್ಲಿ ಐದೂ ಸ್ವರ. ಫಸೀಶಸ್ ಕೂಡ ಬಂತು, ಅದರಲ್ಲಿ ಐದೂ ಸ್ವರಗಳು ಎ-ಇ-ಐ-ಓ-ಯು ಎಂಬ ಕ್ರಮದಲ್ಲೇ ನಿಂತಿವೆ. ಒಂದು ಕೊರತೆ ಉಂಟು: ಈ ಪಟ್ಟಿಯಲ್ಲಿ ಬಹುವಚನ ರೂಪಗಳು ತೀರಾ ಕಡಿಮೆ. ಇನ್ಲೆಟ್ ಇದೆ, ಇನ್ಲೆಟ್ಸ್ ಸಿಗಲಿಲ್ಲ. ಆಟಕ್ಕಾದರೆ ಆ ಆಟದ್ದೇ ಪಟ್ಟಿ ಬೇಕು.

ಮೂರನೇ ಪ್ರಶ್ನೆಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಚೆನ್ನ. ಪ್ರತಿ ಪದದ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಲಿಸನ್, ಸೈಲೆಂಟ್, ಟಿನ್ಸೆಲ್ ಮೂರೂ ಇ-ಐ-ಎಲ್-ಎನ್-ಎಸ್-ಟಿ ಆಗುತ್ತವೆ, ತಾವಾಗಿಯೇ ಒಂದೇ ಗುಂಪಿಗೆ ಸೇರುತ್ತವೆ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಎಲ್, ಇ, ಟಿ, ಆರ್ ಕೊಟ್ಟರೆ ಲೆಟರ್ ಸರಿಯಾದ ಉತ್ತರವೇ? ಅದಕ್ಕೆ ಎರಡು ಇ, ಎರಡು ಟಿ ಬೇಕು. ನ್ಯೂಯಾರ್ಕ್ ಟೈಮ್ಸ್‌ನ ಸ್ಪೆಲಿಂಗ್ ಬೀ ಆಟದಲ್ಲಿ ಕೊಟ್ಟ ಏಳು ಅಕ್ಷರಗಳನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಸ್ಕ್ರ್ಯಾಬಲ್‌ನಲ್ಲಿ ಒಂದು ಬಿಲ್ಲೆಗೆ ಒಂದೇ ಸಲ. ಹಾಗಾಗಿ ಈಗ ಎರಡು ಪ್ರೋಗ್ರಾಂ ಇಟ್ಟುಕೊಂಡಿದ್ದೇನೆ: ಒಂದು ಅಕ್ಷರ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ, ಇನ್ನೊಂದು ಪ್ರತಿ ಅಕ್ಷರವನ್ನೂ ಎಣಿಸುತ್ತದೆ.