ಟ್ರಿಪ್ಟೊಫಾನ್ ಚ್ಯೂ: ಹೆದರುವ ನಾಯಿಗೆ ವರ್ಷಕ್ಕೂ ಹೆಚ್ಚು ಕಾಲ ಕೊಟ್ಟ ಮೇಲೆ

5ಕ್ಕೆ 3 ಸ್ಟಾರ್. ಕೆಲಸ ಮಾಡುತ್ತದೆ, ಆದರೆ ಡಬ್ಬಿಯ ಮೇಲೆ ಹೇಳಿದಷ್ಟು ಖಂಡಿತ ಅಲ್ಲ.

ನಮ್ಮ ನಾಯಿಗೆ ಗುಡುಗು ಅಂದ್ರೆ ಭಯ, ಹೊಸಬರು ಬಂದರೆ ಬೊಗಳಾಟ. ಟ್ರಿಪ್ಟೊಫಾನ್ (ಪ್ರೋಟೀನ್‌ನಲ್ಲಿರುವ ಒಂದು ಅಮೈನೋ ಆಮ್ಲ) ಸೇರಿಸಿದ ಈ ಅಗಿಯುವ ತಿಂಡಿ, ಅಂದ್ರೆ ಚ್ಯೂ, ಶುರು ಮಾಡಿ ಕೆಲವು ವಾರಗಳಾದ ಮೇಲೆ ವ್ಯತ್ಯಾಸ ಕಂಡಿತು. ಈಗಲೂ ಹೆದರುತ್ತಾಳೆ, ಆದರೆ ಬೇಗ ಸುಧಾರಿಸಿಕೊಳ್ಳುತ್ತಾಳೆ. ನನಗೆ ಅಷ್ಟೇ ಬೇಕಿತ್ತು.

ಯಾವುದರ ಜೊತೆ ಕೊಡುತ್ತೀರಿ ಅನ್ನೋದು ತುಂಬಾ ಮುಖ್ಯ, ಅದನ್ನು ಲೇಬಲ್ ಹೇಳೋದೇ ಇಲ್ಲ. ಮನಸ್ಸಿನ ಸ್ಥಿತಿಯ ಮೇಲೆ ಪ್ರಭಾವ ಬೀರುವ ರಾಸಾಯನಿಕ ಸೆರೊಟೋನಿನ್; ದೇಹದಲ್ಲಿರುವ ಅದರಲ್ಲಿ ಸುಮಾರು 90% ಕರುಳಿನಲ್ಲೇ ಇರುತ್ತದೆ, ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಟ್ರಿಪ್ಟೊಫಾನ್ ದಾಟುತ್ತದೆ, ಆಮೇಲೆ ಮಿದುಳು ಅದರಿಂದ ತನಗೆ ಬೇಕಾದ ಸೆರೊಟೋನಿನ್ ಮಾಡಿಕೊಳ್ಳುತ್ತದೆ. ಆದರೆ ಲ್ಯೂಸಿನ್, ವ್ಯಾಲಿನ್, ಟೈರೋಸಿನ್ ಅನ್ನೋ ಬೇರೆ ಅಮೈನೋ ಆಮ್ಲಗಳೂ ಅದೇ ಬಾಗಿಲಲ್ಲಿ ನುಗ್ಗುತ್ತವೆ, ಮಾಂಸದಲ್ಲಿ ಇವೇ ಜಾಸ್ತಿ. ಅಂದ್ರೆ ತಟ್ಟೆ ತುಂಬಾ ಮಾಂಸ ಹಾಕಿ ಅದರ ಜೊತೆ ಚ್ಯೂ ಕೊಟ್ಟರೆ ಲಾಭ ಕಮ್ಮಿ. ಪಿಷ್ಟ ತಿಂದಾಗ ಇನ್ಸುಲಿನ್ ಏರಿ, ಆ ಪೈಪೋಟಿಗಾರರು ಸ್ನಾಯುಗಳಿಗೆ ಹೋಗಿಬಿಡುತ್ತವೆ, ಟ್ರಿಪ್ಟೊಫಾನ್‌ಗೆ ದಾರಿ ಸಲೀಸಾಗುತ್ತದೆ. 1971ರಲ್ಲೇ ಫರ್ನ್‌ಸ್ಟ್ರಾಮ್ ಮತ್ತು ವರ್ಟ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ತೋರಿಸಿದ್ದರು. ಅದಕ್ಕೇ ನಾನು ಊಟದಿಂದ ದೂರ, ಸ್ವಲ್ಪ ಪಿಷ್ಟದ ತಿಂಡಿ ಜೊತೆ ಕೊಡುತ್ತೇನೆ.

ಡಬ್ಬಿಯ ಮೇಲೆ ‘ನೆನಪಿನ ಶಕ್ತಿ ಹೆಚ್ಚುತ್ತದೆ’ ಅಂತಲೂ ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಟ್ರಿಪ್ಟೊಫಾನ್ ಇಲ್ಲದ ಆಹಾರ ಕೊಟ್ಟಾಗ ಇಲಿಗಳು ಮೊದಲು ನೋಡಿದ ವಸ್ತು ಯಾವುದು, ಹೊಸದು ಯಾವುದು ಅಂತ ಗುರುತಿಸೋದರಲ್ಲಿ ಎಡವಿದ್ದು ಪ್ರಯೋಗಗಳಲ್ಲಿ ಕಂಡಿದೆ, ನಿಜ. ಕಮ್ಮಿಯಾದರೆ ತೊಂದರೆ ಅಂದ ಮಾತ್ರಕ್ಕೆ, ಚೆನ್ನಾಗಿ ತಿನ್ನುವ ಪ್ರಾಣಿಗೆ ಇನ್ನಷ್ಟು ಕೊಟ್ಟರೆ ನೆನಪು ಚುರುಕಾಗುತ್ತೆ ಅಂತ ಆಗೋದಿಲ್ಲ ಅಲ್ವಾ? ನಮ್ಮವಳು ಈಗ ಪಾಠ ಬೇಗ ಕಲಿಯುತ್ತಾಳೆ. ನನ್ನ ಪ್ರಕಾರ ಅದು ಭಯ ಇಳಿದಿದ್ದರಿಂದ, ಹೆದರಿ ನಡುಗುವ ಪ್ರಾಣಿಗೆ ಏನು ತಾನೇ ತಲೆಗೆ ಹತ್ತುತ್ತದೆ. ದಿನಾ ತಾಳ್ಮೆಯಿಂದ ಮಾಡಿದ ತರಬೇತಿಯ ಪಾಲೂ ಅದರಲ್ಲಿದೆ.

ಒಂದು ಚ್ಯೂನಲ್ಲಿ ಎಷ್ಟು ಮಿಲಿಗ್ರಾಂ ಟ್ರಿಪ್ಟೊಫಾನ್ ಇದೆ ಅಂತ ಸ್ಪಷ್ಟವಾಗಿ ಹಾಕಿಲ್ಲ, ಸ್ಟಾರ್ ಕಡಿಮೆ ಮಾಡಿದ್ದು ಮುಖ್ಯವಾಗಿ ಇದಕ್ಕೇ. ನಿಮ್ಮ ನಾಯಿ ಈಗಾಗಲೇ ಸೆರೊಟೋನಿನ್ ಹೆಚ್ಚಿಸುವ ಫ್ಲುಯೊಕ್ಸೆಟಿನ್ ತರಹದ ಔಷಧಿ ತಗೊಳ್ತಿದ್ದರೆ ಪಶುವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ, ಸೆರೊಟೋನಿನ್ ಅತಿಯಾದರೆ ನಡುಕ, ಜ್ವರ, ಸೆಳವು ಬರಬಹುದು. ಮನುಷ್ಯರ 5-ಎಚ್‌ಟಿಪಿ (ಟ್ರಿಪ್ಟೊಫಾನ್ ಸೆರೊಟೋನಿನ್ ಆಗುವ ನಡುವಿನ ಹಂತದ ವಸ್ತು) ಮಾತ್ರೆಯನ್ನಂತೂ ಇದರ ಬದಲಿಗೆ ಸುಮ್ನೆ ಕೊಡಲೇಬೇಡಿ, ನಾಯಿಗಳ ಜೀವಕ್ಕೇ ಅಪಾಯ.